ಆ ಮೂರು ಅಂದರೆ ಏನು?

ಒಂದು ಅಧ್ಯಯನಕ್ಕೆ ವ್ಯಕ್ತಿತ್ವದ ಪ್ರಶ್ನಾವಳಿ ಬರೆಯುತ್ತಿದ್ದೆ. ಪ್ರತಿ ವಾಕ್ಯಕ್ಕೂ 1 (ಒಪ್ಪುವುದೇ ಇಲ್ಲ) ರಿಂದ 5 (ಪೂರ್ತಿ ಒಪ್ಪುತ್ತೇನೆ) ರವರೆಗೆ ಒಂದು ಅಂಕಿಗೆ ಸುತ್ತು ಹಾಕಬೇಕು. ಕರಡು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಉತ್ತರ ಕೊಡಮ್ಮ" ಅಂದೆ. 'ನಾನು ಜನರ ಜೊತೆ ಬೇಗ ಬೆರೆಯುತ್ತೇನೆ' ಅನ್ನೋ ವಾಕ್ಯಕ್ಕೆ ಬಂದಾಗ ಅವಳ ಪೆನ್ನು ನಿಂತೇಬಿಟ್ಟಿತು. "ಮೇಡಂ, ಗೊತ್ತಿರೋರ ಜೊತೆನಾ, ಹೊಸಬರ ಜೊತೆನಾ?" ನಾನು ಏನೂ ಹೇಳಲಿಲ್ಲ. ಪೆನ್ನು 4ರ ಹತ್ತಿರ ಹೋಯಿತು, 2ರ ಹತ್ತಿರ ಬಂತು. ಕೊನೆಗೆ 3ಕ್ಕೆ ಸುತ್ತು ಹಾಕಿದಳು.

ಆ 3 ನನ್ನ ನಿದ್ದೆ ಕೆಡಿಸಿತು. ಲೆಕ್ಕ ಹಾಕುವಾಗ ಅವಳು ಬೆರೆಯುವುದರಲ್ಲಿ ಸಾಧಾರಣ ಅಂತ ಆಗುತ್ತದೆ. ಆದರೆ ಅವಳು ಹೇಳಿದ್ದು ಅದಲ್ಲವೇ ಅಲ್ಲ. ಗೊತ್ತಿರುವವರ ಜೊತೆ ಮಾತು ನಿಲ್ಲಿಸುವುದಿಲ್ಲ, ಹೊಸಬರೆದುರು ಬಾಯೇ ಬಿಡುವುದಿಲ್ಲ. ಇನ್ನೊಬ್ಬರು 'ಗೊತ್ತಿಲ್ಲ' ಅಂತ 3 ಹಾಕಿರಬಹುದು. ಮತ್ತೊಬ್ಬರು 'ಹೇಳೋಕೆ ಇಷ್ಟವಿಲ್ಲ' ಅಂತ. ಎಲ್ಲಾ 3ಗಳೂ ಕಂಪ್ಯೂಟರ್‌ಗೆ ಒಂದೇ.

1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ಈ ಥರದ ಅಳತೆಯನ್ನು ಮುಂದಿಟ್ಟಾಗ ಒಂದೇ ಉತ್ತರವನ್ನು ನಂಬಿ ಅಂತ ಹೇಳಿರಲಿಲ್ಲ. ಹಲವು ವಾಕ್ಯಗಳ ಅಂಕ ಕೂಡಿಸಬೇಕು ಅನ್ನೋದೇ ಅವರ ದಾರಿ. ಕೂಡಿಸಿದಾಗ ಒಂದೊಂದು ವಾಕ್ಯದ ಎಡವಟ್ಟು ಸ್ವಲ್ಪ ಮರೆಯಾಗುತ್ತದೆ, ನಿಜ. ಆದರೆ ಹತ್ತೂ ವಾಕ್ಯ ಒಂದೇ ರೀತಿ ಗೊಂದಲದ್ದಾದರೆ? ಆಗಲೂ ಕ್ರಾನ್‌ಬಾಕ್ ಆಲ್ಫಾ, ಅಂದರೆ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕಿ, 0.9 ಬರಬಹುದು (1 ಅಂದರೆ ಪೂರ್ತಿ ಹೊಂದಿಕೆ)! ಒಂದೇ ಮಾತನ್ನು ಪದ ಬದಲಿಸಿ ಹತ್ತು ಸಲ ಕೇಳಿದರೆ ಅದು ಏರದೆ ಇನ್ನೇನು ಮಾಡುತ್ತದೆ? ಆ ಅಂಕಿ ತೋರಿಸಿ 'ನಮ್ಮ ಪರೀಕ್ಷೆ ಪಕ್ಕಾ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಅಂತಷ್ಟೇ ಅದು ಹೇಳುವುದು. ಅಳೆಯಬೇಕಾದದ್ದನ್ನೇ ಅಳೆದಿದ್ದೇವಾ ಅನ್ನೋದು ಬೇರೆ ಪ್ರಶ್ನೆ.

'ಪರೀಕ್ಷೆಯ ಫಲಿತಾಂಶ ಓದಿದೋರೆಲ್ಲ ಇದು ನಾನೇ ಅಂತಾರೆ' ಅನ್ನೋದೂ ಪುರಾವೆ ಅಲ್ಲ. ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ 39 ವಿದ್ಯಾರ್ಥಿಗಳಿಗೆ ಒಂದೇ ವಿವರಣೆಯನ್ನು 'ಇದು ನಿನ್ನ ವ್ಯಕ್ತಿತ್ವ' ಅಂತ ಕೊಟ್ಟರು. 1949ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಅದು ತಮಗೆ ಎಷ್ಟು ಹೊಂದುತ್ತದೆ ಅಂತ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26.

ಇನ್ನೊಂದು ಕಷ್ಟ ಇದೆ. ಕೆಲವರು ಏನು ಕೇಳಿದರೂ 'ಒಪ್ಪುತ್ತೇನೆ' ಅಂತಾರೆ. ಅದಕ್ಕೇ ಕೆಲವು ವಾಕ್ಯಗಳನ್ನು, ಒಪ್ಪಿದರೆ ಅಂಕ ಕಡಿಮೆಯಾಗುವಂತೆ, ತಿರುಗಿಸಿ ಬರೆಯುತ್ತೇವೆ. ನಾನು 'ಹೊಸಬರ ಜೊತೆ ಸುಲಭವಾಗಿ ಮಾತಾಡುವುದಿಲ್ಲ' ಅಂತ ಬರೆದಿದ್ದೆ. ನಮ್ಮ ಭಾಷೆಯಲ್ಲಿ 'ಇಲ್ಲ' ಬಾಲದಲ್ಲಿ ಕೂತಿರುತ್ತದೆ, ಅವಸರದಲ್ಲಿ ಓದುವವರ ಕಣ್ಣು ಅಲ್ಲಿವರೆಗೆ ಹೋಗೋದೇ ಇಲ್ಲ. ಹೋದರೂ, ಅದಕ್ಕೆ 'ಒಪ್ಪುವುದಿಲ್ಲ' ಅಂದರೆ ಸುಲಭವಾಗಿ ಮಾತಾಡುತ್ತಾರಾ, ಇಲ್ವಾ? ತಲೆ ತಿರುಗುತ್ತದೆ. ಅದನ್ನು ಹೊಡೆದುಹಾಕಿದೆ.

ಇಂಥ ಅಂಕ ನೋಡಿ ಕೆಲಸ ಕೊಡುವ, ಕೊಡದಿರುವ ಜಾಗಗಳಿವೆ. ಹಾಗಾಗಿ ಕೇಳುತ್ತೇನೆ: ಪ್ರಶ್ನೆ ಬರೆದವರು ಒಮ್ಮೆಯಾದರೂ ಉತ್ತರ ಕೊಡುವವರ ಪಕ್ಕ ಕೂತಿದ್ದರಾ?

ಮೊದಲಿನ ವಾಕ್ಯವನ್ನು ಎರಡು ಮಾಡಿದೆ. ಮರುವಾರ ಅವಳಿಗೇ ಕೊಟ್ಟೆ. 'ಪರಿಚಯ ಇಲ್ಲದವರ ಜೊತೆ ಮಾತು ಶುರು ಮಾಡುವುದು ನನಗೆ ಸುಲಭ.' ಪೆನ್ನು ನಿಲ್ಲಲಿಲ್ಲ. ಸೀದಾ 1.