ಡ್ರೈವ್ ಕಾಣಿಸದಿದ್ದರೆ ಮೊದಲು ವಯರು ನೋಡಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯಿಂದ ಒಂದೇ ಬಗೆಯ ಪ್ರಶ್ನೆ ಶುರು: "ಕರೆಂಟ್ ಹೋಗಿ ಬಂತು. ಸರ್ವರಿನಲ್ಲಿ ಆರು ಹಾರ್ಡ್ ಡ್ರೈವ್ ಇದ್ದದ್ದು ಈಗ ನಾಲ್ಕೇ ತೋರಿಸ್ತದೆ. ಎರಡು ಹೋಯ್ತಾ?"

ಹೋಗಿರುವ ಸಾಧ್ಯತೆ ಕಡಿಮೆ. ಎರಡು ಡ್ರೈವ್ ಒಂದೇ ನಿಮಿಷದಲ್ಲಿ ತಾವಾಗಿ ಸಾಯುವುದು ಅಪರೂಪ. ಆ ಎರಡನ್ನೂ ಕೂಡಿಸುವ ಯಾವುದೋ ಒಂದು ಕೈಕೊಟ್ಟಿರುತ್ತದೆ: ಒಂದೇ ಪವರ್ ವಯರು, ಒಂದೇ ಸ್ಪ್ಲಿಟರ್ (ಒಂದು ವಯರನ್ನು ಹಲವು ಕವಲು ಮಾಡುವ ತುಂಡು), ಒಂದೇ ಸಾಟಾ ಕಾರ್ಡ್ (ಡ್ರೈವ್ ಸಿಕ್ಕಿಸಲು ಹೆಚ್ಚಿನ ಪೋರ್ಟ್ ಕೊಡುವ ಕಾರ್ಡ್). ಆದರೂ ನಮ್ಮವರು ಮೊದಲು ಬೈಯುವುದು ಡ್ರೈವಿಗೆ, ಆಮೇಲೆ ಹೊರಡುವುದು ಹೊಸತು ತರಲು ಮಂಗಳೂರಿಗೆ.

ಏನೂ ಗೊತ್ತಾಗುವ ಮೊದಲೇ ಬಟನ್ ಒತ್ತಬೇಡಿ. ವಿಂಡೋಸ್ "ಇನಿಶಿಯಲೈಸ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ಸರ್ವರ್ ನಡೆಸುವ ಟ್ರೂನ್ಯಾಸ್ ಅಥವಾ ಓಪನ್‌ಮೀಡಿಯಾವಾಲ್ಟ್‌ನಲ್ಲಿ ಹೊಸ ಪೂಲ್, ಹೊಸ ರೇಡ್ (ಹಲವು ಡ್ರೈವ್ ಕೂಡಿಸಿ ಒಂದಾಗಿಸುವ ವ್ಯವಸ್ಥೆ) ಮಾಡುವ ಕಡೆ ಕೈ ಹಾಕಬೇಡಿ. ತಾಳಮದ್ದಳೆಯ ಹಳೇ ರೆಕಾರ್ಡಿಂಗು, ಜಾಗದ ದಾಖಲೆ, ಮದುವೆಯ ವೀಡಿಯೊ ಕೈಬಿಟ್ಟು ಹೋಗುವುದು ಹೆಚ್ಚಾಗಿ ಇಂಥ ಅವಸರದಲ್ಲೇ.

ಮೊದಲ ಕೆಲಸ, ಡ್ರೈವ್ ಯಾವ ಹಂತದಲ್ಲಿ ಮಾಯವಾಗಿದೆ ಎಂದು ನೋಡುವುದು. ಬಯೋಸ್, ಅಂದರೆ ವಿಂಡೋಸ್, ಲಿನಕ್ಸ್ ಏಳುವ ಮೊದಲೇ ಮಷಿನ್ ತೋರಿಸುವ ಸೆಟ್ಟಿಂಗ್ ಪುಟ, ತೆರೆಯಿರಿ. ಅಲ್ಲಿ ಹೆಸರು ಇಲ್ಲವೆಂದರೆ ಲಿನಕ್ಸಿನಲ್ಲಿ ಎಷ್ಟು ಕಮಾಂಡ್ ಹೊಡೆದರೂ ವ್ಯರ್ಥ. ಒಂದು ಮಾತು ನೆನಪಿರಲಿ: ಪ್ರತ್ಯೇಕ ಕಾರ್ಡಿಗೆ ಸಿಕ್ಕಿಸಿದ ಡ್ರೈವುಗಳು ಕೆಲವು ಮದರ್‌ಬೋರ್ಡುಗಳ ಬಯೋಸ್ ಪಟ್ಟಿಯಲ್ಲಿ ಸರಿಯಿದ್ದಾಗಲೂ ಬರುವುದಿಲ್ಲ, ಅವನ್ನು ಲಿನಕ್ಸಿನಲ್ಲೇ ನೋಡಬೇಕು.

ಬಯೋಸಿನಲ್ಲಿ ಇಲ್ಲದಿದ್ದರೆ ಡ್ರೈವಿನ ಬದಿಗೆ ಬೆರಳಿಟ್ಟು ಮಷಿನ್ ಆನ್ ಮಾಡಿ. ತಿರುಗುವ ಅದುರು ಕೈಗೆ ತಿಳಿಯುತ್ತದೆ. ತಿರುಗುತ್ತಿಲ್ಲವೇ? ಹಾಗಾದರೆ ನೋಡಬೇಕಾದದ್ದು ಪವರ್.

ಇಲ್ಲೊಂದು ಸಣ್ಣ ಲೆಕ್ಕವಿದೆ. ಮೂರೂವರೆ ಇಂಚಿನ ಡ್ರೈವ್ ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್, ಒಟ್ಟು 4.5. ಅಂದರೆ ಒಂದು ಸಾಟಾ ತುದಿಯಿಂದ ಸ್ಪ್ಲಿಟರ್ ಹಾಕಿ ಎರಡು ಡ್ರೈವ್ ನಡೆಸಬಹುದು. ನಾಲ್ಕು ಹಾಕಿದರೆ ಶುರುವಿನಲ್ಲಿ 8 ಆಂಪಿಯರ್ ಬೇಕು. ವೋಲ್ಟೇಜ್ ಕುಸಿಯುತ್ತದೆ, ಕೊನೆಯ ಒಂದೆರಡು ಡ್ರೈವ್ ಏಳುವುದಿಲ್ಲ. ನಿನ್ನೆಯವರೆಗೆ ನಡೆಯುತ್ತಿತ್ತಲ್ಲ ಎಂದರೆ, ನಡೆಯುತ್ತಿತ್ತು ಅಂಚಿನಲ್ಲಿ. ಎಸ್‌ಎಂಪಿಎಸ್‌ನಿಂದ (ಮಷಿನಿಗೆ ಕರೆಂಟ್ ಕೊಡುವ ಪೆಟ್ಟಿಗೆಯಿಂದ) ಬರುವ ಬೇರೆ ಬೇರೆ ವಯರುಗಳಿಗೆ ಡ್ರೈವುಗಳನ್ನು ಹಂಚಿ. ಮೋಲೆಕ್ಸ್ ಎಂಬ ಹಳೇ ನಾಲ್ಕು ಪಿನ್ನಿನ ಪವರ್ ತುದಿಯಿಂದ ಸಾಟಾಕ್ಕೆ ಬದಲಿಸುವ ಅಡಾಪ್ಟರ್ ತರುವುದಾದರೆ ಪ್ಲಾಸ್ಟಿಕ್ ಎರಕ ಹೊಯ್ದು ವಯರು ಹುಗಿದದ್ದು ಬೇಡ, ಒಳಗೆ ಶಾರ್ಟ್ ಆಗಿ ಬೆಂಕಿ ಹಿಡಿಯುವುದಕ್ಕೆ ಅದು ಹೆಸರಾಗಿದೆ. ಹಿಂಬದಿಯಲ್ಲಿ ಒಂದೊಂದು ವಯರೂ ಬೇರೆ ಬೇರೆ ಕಾಣುವ, ಪಿನ್ನಿಗೆ ಒತ್ತಿ ಕೂರಿಸಿದ್ದನ್ನು ತನ್ನಿ.

ಕಳಚಿ ಹಾಕುವ ವಯರಿನ ಎಸ್‌ಎಂಪಿಎಸ್ ಇದ್ದವರಿಗೆ ಇನ್ನೊಂದು. ಬೇರೆ ಮಾಡೆಲಿನ ವಯರು ಅದಕ್ಕೆ ಸರಿಯಾಗಿ ಕೂತರೂ ಹಾಕಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಪಿನ್ನುಗಳ ಕ್ರಮಕ್ಕೆ ಎಲ್ಲರಿಗೂ ಒಪ್ಪಿತವಾದ ನಿಯಮವಿಲ್ಲ. 5 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಆ ವಯರಿನಲ್ಲಿರುವ ಡ್ರೈವುಗಳೆಲ್ಲ ಒಟ್ಟಿಗೆ ಹೋಗುತ್ತವೆ. ಮೇಲೆ ಅಪರೂಪ ಎಂದೆನಲ್ಲ, ಆ ಅಪರೂಪ ಇದು.

ಹೊಸ ಡ್ರೈವ್ ಹಳೇ ಮಷಿನಿನಲ್ಲಿ ತಿರುಗದೇ ಇದ್ದರೆ, ಅದರಲ್ಲೂ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದದ್ದಾದರೆ, 3.3 ವೋಲ್ಟಿನ ತೊಂದರೆ ಇರಬಹುದು. ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ ಕರೆಂಟ್ ಬಂದರೆ "ಆಫ್ ಆಗು" ಎಂದು ಅರ್ಥ. ಹಳೇ ಎಸ್‌ಎಂಪಿಎಸ್ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡ್ರೈವಿನ ಪವರ್ ಭಾಗದಲ್ಲಿ, ಡೇಟಾ ಕನೆಕ್ಟರಿನ ಪಕ್ಕದಿಂದ ಎಣಿಸಿ ಮೊದಲ ಮೂರು ಪಿನ್ನುಗಳ ಮೇಲೆ ಬಿಸಿ ತಾಳುವ ಕ್ಯಾಪ್ಟಾನ್ (Kapton) ಟೇಪಿನ ಸಣ್ಣ ಪಟ್ಟಿ ಅಂಟಿಸಿದರೆ ಮುಗಿಯಿತು. ಸೆಲ್ಲೋಟೇಪ್ ಬೇಡ, ಬಿಸಿಗೆ ಜಾರುತ್ತದೆ.

ತಿರುಗುತ್ತಿದೆ, ಆದರೂ ಕಾಣುತ್ತಿಲ್ಲವೆಂದರೆ ಡೇಟಾ ಕೇಬಲ್ ಬದಲಿಸಿ, ಆಮೇಲೆ ಪೋರ್ಟ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಹಾಳಾಗಿತ್ತೆಂದು ತಿಳಿಯುವುದಿಲ್ಲ. ಇತ್ತೀಚೆಗೆ ಮದರ್‌ಬೋರ್ಡಿಗೇ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿ ಹಾಕಿದ್ದೀರಾ? ಹಲವು ಮದರ್‌ಬೋರ್ಡುಗಳಲ್ಲಿ ಆ ಸ್ಲಾಟ್ ತುಂಬಿದ ಕೂಡಲೇ ಒಂದೋ ಎರಡೋ ಸಾಟಾ ಪೋರ್ಟ್ ಬಂದ್ ಆಗುತ್ತವೆ. ಯಾವ ಪೋರ್ಟ್ ಎಂದು ಮ್ಯಾನುಯಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಹಲವು ಡ್ರೈವ್ ಹಿಡಿಸುವ ಎಲ್‌ಎಸ್‌ಐ ಕಂಪನಿಯ ಕಾರ್ಡಿನವರು ಒಂದರಿಂದ ನಾಲ್ಕಾಗುವ ಕೇಬಲ್ ಫಾರ್ವರ್ಡ್ ಬಗೆಯದ್ದೇ (ಕಾರ್ಡಿನಿಂದ ಡ್ರೈವಿನ ಕಡೆಗೆ ಹೋಗುವಂಥದ್ದು) ಎಂದು ಖಚಿತ ಮಾಡಿಕೊಳ್ಳಿ. ರಿವರ್ಸ್ ಬಗೆಯದ್ದು ನೋಡಲು ಹಾಗೇ ಇರುತ್ತದೆ, ಒಂದು ಡ್ರೈವನ್ನೂ ತೋರಿಸುವುದಿಲ್ಲ. ಆ ಕಾರ್ಡುಗಳಿಗೆ ಗಾಳಿಯೂ ಬೇಕು. ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಫ್ಯಾನ್ ಇಲ್ಲದೆ ಇಟ್ಟರೆ ಏಪ್ರಿಲ್, ಮೇ ಸೆಕೆಗೆ ಕಾದು ಡ್ರೈವುಗಳನ್ನು ಗುಂಪಾಗಿ ಕೈಬಿಡುತ್ತವೆ.

ಬಯೋಸಿನಲ್ಲಿದ್ದು ಫೋಲ್ಡರ್ ಮಾತ್ರ ಖಾಲಿಯಾದರೆ ಅರ್ಧ ಸಮಾಧಾನ. ಲಿನಕ್ಸ್ ಡ್ರೈವುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿ ಬೂಟಿನಲ್ಲೂ ಅದಲುಬದಲಾಗಬಹುದು, ಅವನ್ನು ನಂಬಿ ಮೌಂಟ್ ಮಾಡಬಾರದು (ಡ್ರೈವನ್ನು ಫೋಲ್ಡರಿಗೆ ಜೋಡಿಸಬಾರದು), ಯುಯುಐಡಿ ಎಂಬ ಬದಲಾಗದ ಗುರುತು ಸಂಖ್ಯೆ ಬಳಸಿ. ಎಫ್‌ಎಸ್‌ಟ್ಯಾಬ್ ಎಂಬ ಮೌಂಟ್ ಪಟ್ಟಿಯ ಫೈಲಿನಲ್ಲಿ ನೋಫೇಲ್ (ಡ್ರೈವ್ ಇಲ್ಲದಿದ್ದರೂ ಮುಂದೆ ಹೋಗು) ಎಂದು ಸೇರಿಸದಿದ್ದರೆ ಒಂದು ಡ್ರೈವ್ ಇಲ್ಲದ್ದಕ್ಕೆ ಇಡೀ ಸರ್ವರ್ ಎಮರ್ಜೆನ್ಸಿ ಮೋಡಿನಲ್ಲಿ ನಿಲ್ಲುತ್ತದೆ. ಸೇರಿಸಿದರೆ ಬೇರೆ ಅಪಾಯ: ಡ್ರೈವ್ ಇಲ್ಲದಿದ್ದರೂ ಖಾಲಿ ಫೋಲ್ಡರಿಗೆ ಬ್ಯಾಕಪ್ ಬರೆಯುತ್ತಾ ಹೋಗಿ ಸಿಸ್ಟಂ ಡಿಸ್ಕ್ ತುಂಬುತ್ತದೆ. ರೇಡ್ ಆದರೆ ಎಂಡಿ-ಆಡಂ ಎಂಬ ಕಮಾಂಡಿನಲ್ಲಿ ಅಸೆಂಬಲ್ (ಇದ್ದದ್ದನ್ನೇ ಜೋಡಿಸು) ಮಾಡಿ, ಕ್ರಿಯೇಟ್ ಎಂದೂ ಅಲ್ಲ. ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಝಡ್‌ಪೂಲ್ ಇಂಪೋರ್ಟ್ ಎಂದಷ್ಟೇ ಬರೆದರೆ ಅದು ಪಟ್ಟಿ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ.

ಬಂದು ಹೋಗಿ ಮಾಡುವ ಡ್ರೈವೇ ಹೆಚ್ಚು ಸತಾಯಿಸುವುದು. ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ವರದಿಯಲ್ಲಿ 199 ನಂಬರಿನ ಸಾಲು ನೋಡಿ, ಅದು ಸಿಆರ್‌ಸಿ ತಪ್ಪುಗಳ, ಅಂದರೆ ಸಾಗುವಾಗ ಕೆಟ್ಟ ಮಾಹಿತಿಯ ಎಣಿಕೆ. ಅದು ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದು, ಇಲ್ಲವೇ ಪಿನ್ನಿನದು. ಕೇಬಲ್ ಬದಲಿಸಿದರೂ ಹಳೇ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. 5, 197, 198 ನಂಬರಿನ ಸಾಲುಗಳು (ಡ್ರೈವಿನೊಳಗೆ ಕೆಟ್ಟ ಜಾಗಗಳ ಎಣಿಕೆ) ಏರುತ್ತಿದ್ದರೆ ಆಗ ಡ್ರೈವನ್ನೇ ಸಂಶಯಿಸಿ.

ನಮ್ಮ ಊರಿನ ಹವೆಯಲ್ಲಿ ಕನೆಕ್ಟರಿಗೆ ಕಿಲುಬು ಹಿಡಿಯುವುದು ಮಾಮೂಲು. ಮಳೆಗಾಲವಿಡೀ ಆಫ್ ಮಾಡಿಟ್ಟ ಮಷಿನಿಗಿಂತ ನಡೆಯುತ್ತಿರುವ ಮಷಿನ್ ವಾಸಿ, ಒಳಗಿನ ಬಿಸಿ ಪಸೆಯನ್ನು ದೂರ ಇಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಪಿನ್ ಒರೆಸಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೇ ಇಡಿ, ಮಾಮೂಲಿ ಮೋಡಿನಲ್ಲಿ ಕರೆಂಟ್ ಬದಲಾಗುವ ಅಂತರವನ್ನು ಎಸ್‌ಎಂಪಿಎಸ್ ತಾಳುವುದಿಲ್ಲ. ತುಲಾ ಮಾಸದ ಗುಡುಗಿಗೆ ಪ್ಲಗ್ ಮಾತ್ರ ತೆಗೆದರೆ ಸಾಲದು ಮಾರಾಯ್ರೇ, ಲ್ಯಾನ್ ವಯರೂ ತೆಗೆಯಬೇಕು.

ಸಿಡಿಲಿನ ಮರುದಿನ ಒಂದು ಡ್ರೈವ್ ಸಿಕ್ಕಿಸಿದರೆ ಇಡೀ ಮಷಿನ್ ಆನ್ ಆಗದೆ, ತೆಗೆದರೆ ಆಗುತ್ತದೆಯಾದರೆ, ಡ್ರೈವಿನ ಬೋರ್ಡಿನಲ್ಲಿರುವ ರಕ್ಷಣೆಯ ಡಯೋಡ್ ಶಾರ್ಟ್ ಆಗಿರಬಹುದು. ಒಳಗಿನ ಮಾಹಿತಿ ಬಹುಶಃ ಕ್ಷೇಮ. ಅದೇ ಮಾಡೆಲಿನ ಬೇರೆ ಬೋರ್ಡ್ ತಂದು ಹಾಗೇ ಜೋಡಿಸಬೇಡಿ. ಈಗಿನ ಡ್ರೈವುಗಳಲ್ಲಿ ಆ ಡ್ರೈವಿಗೆ ಮಾತ್ರ ಸೇರಿದ ಅಳತೆಗಳು ಹಳೇ ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ದಾಟಿಸಬೇಕು. ಟಕ್ ಟಕ್ ಸದ್ದು ಬಂದರೆ ಮಾತ್ರ ಕೂಡಲೇ ಆಫ್ ಮಾಡಿ, ಮತ್ತೊಮ್ಮೆ ನೋಡೋಣ ಎಂದು ಆನ್ ಮಾಡದೆ ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ, ಡ್ರೈವುಗಳು ಯಾವ ಪೋರ್ಟಿನಲ್ಲಿದ್ದವು ಎಂಬ ಸೀರಿಯಲ್ ನಂಬರಿನ ಚೀಟಿ ಸಮೇತ.