ಮಗು ಸುಮ್ಮನಾದ್ರೆ ಸಾಕಾ?

ಆಟಿಸಂ ಇರೋ ಮಗುಗೆ ಮಾತ್ರೆ ಕೊಡ್ಬೇಕಾ ಬೇಡ್ವಾ ಅನ್ನೋ ಮಾತು ಬಂದ್ರೆ ಸುತ್ತ ಇರೋರು ಎರಡು ಗುಂಪಾಗಿಬಿಡ್ತಾರೆ. ಇಷ್ಟು ಚಿಕ್ಕ ವಯಸ್ಸಿಗೇ ಮಾತ್ರೆನಾ ಅಂತ ಒಬ್ಬರು, ಇಷ್ಟು ದಿನ ಯಾಕೆ ಕೊಡ್ಲಿಲ್ಲ ಅಂತ ಇನ್ನೊಬ್ಬರು. ರಾತ್ರಿಯೆಲ್ಲ ನಿದ್ದೆಗೆಟ್ಟು ಮಗುನ ಹಿಡ್ಕೊಂಡು ಕೂತಿರೋ ಅಪ್ಪ ಅಮ್ಮಂಗೆ ಎರಡೂ ಚುಚ್ಚತ್ತೆ. ದಯವಿಟ್ಟು ಹಾಗೆ ಮಾತಾಡ್ಬೇಡಿ.

ಆಟಿಸಂನ ವಾಸಿ ಮಾಡೋ ಮಾತ್ರೆ ಇಲ್ಲ. ಮಾತು ಬರ್ಸೋ ಮಾತ್ರೆ, ಬೇರೆ ಮಕ್ಕಳ ಜೊತೆ ಬೆರೆಯೋ ಹಾಗೆ ಮಾಡೋ ಮಾತ್ರೆ ಅಂತ ಯಾರಾದ್ರೂ ಮಾರಿದ್ರೆ ನಂಬ್ಬೇಡಿ. ಇರೋದೆಲ್ಲ ಅದರ ಜೊತೆಗೆ ಬರೋ ತೊಂದರೆಗಳಿಗೆ. ನಿದ್ದೆಗೆ ಮೆಲಟೋನಿನ್, ಎಡಿಎಚ್‌ಡಿ (ಗಮನ ನಿಲ್ಲದಿರೋದು, ಅತಿಯಾದ ಚಟುವಟಿಕೆ) ಇದ್ರೆ ಅದಕ್ಕೆ ಬೇರೆ, ಫಿಟ್ಸ್ ಇದ್ರೆ ಅದಕ್ಕೆ ಬೇರೆ. ವಿಪರೀತ ಸಿಟ್ಟು, ತನಗೆ ತಾನೇ ಹೊಡ್ಕೊಳ್ಳೋದು ಇಂಥದ್ದಕ್ಕೆ ರಿಸ್ಪೆರಿಡೋನ್, ಅರಿಪಿಪ್ರಜೋಲ್. ಆಟಿಸಂ ಮಕ್ಕಳ ಈ ತೊಂದರೆಗೆ ಅಂತ ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿರೋದು ಈ ಎರಡನ್ನ, 2006ರಲ್ಲಿ ಒಂದು, 2009ರಲ್ಲಿ ಇನ್ನೊಂದು.

ನನ್ನ ಮಗ ತಲೆನ ಗೋಡೆಗೆ ಚಚ್ಕೊಳ್ತಿದ್ದ. ಡಾಕ್ಟರ್ ಮೊದಲು ಮಾತ್ರೆ ಬರೀಲಿಲ್ಲ, ಹಲ್ಲು ನೋಡಿದ್ರು, ಕಿವಿ ನೋಡಿದ್ರು, ಮಲಬದ್ಧತೆ ಇದ್ಯಾ ಅಂತ ಕೇಳಿದ್ರು, ಯಾಕಂದ್ರೆ ನೋವನ್ನ ಹೇಳಕ್ಕಾಗದ ಮಗು ಅದನ್ನ ಹೀಗೇ ತೋರ್ಸೋದು. ಅಲ್ಲೇನೂ ಸಿಗ್ಲಿಲ್ಲ, ಥೆರಪಿ ನಡೀತಾನೇ ಇತ್ತು, ಹಣೆ ಮೇಲಿನ ಗಾಯ ಮಾತ್ರ ಆರ್ಲಿಲ್ಲ. ಆಮೇಲೆ ರಿಸ್ಪೆರಿಡೋನ್ ಶುರು ಮಾಡಿದ್ವಿ, ಅದೂ ತುಂಬಾ ಕಮ್ಮಿ ಡೋಸ್‌ನಲ್ಲಿ.

ಅದು ಕೆಲಸ ಮಾಡತ್ತಾ ಅಂದ್ರೆ, ಬಹಳ ಮಕ್ಕಳಿಗೆ ಮಾಡತ್ತೆ. 2002ರಲ್ಲಿ ಬಂದ ಸ್ಟಡಿಲಿ ಇಂಥ ತೊಂದರೆ ಜೋರಾಗಿದ್ದ 101 ಮಕ್ಕಳನ್ನ 8 ವಾರ ನೋಡಿದ್ರು, ಮಾತ್ರೆ ತಗೊಂಡವರಲ್ಲಿ ಶೇ. 69 ಮಕ್ಕಳಿಗೆ ಗುಣ ಕಾಣಿಸ್ತು, ಔಷಧಿ ಇಲ್ಲದ ಡಮ್ಮಿ ಮಾತ್ರೆ ತಗೊಂಡವರಲ್ಲಿ ಶೇ. 12. ಅದೇ 8 ವಾರದಲ್ಲಿ ಮಾತ್ರೆ ತಗೊಂಡ ಮಕ್ಕಳ ತೂಕ ಸರಾಸರಿ 2.7 ಕೆಜಿ ಏರಿತ್ತು. ಎರಡೂ ನಿಜ. ಒಂದನ್ನೇ ಹೇಳಿ ಇನ್ನೊಂದನ್ನ ಮುಚ್ಚಿಡೋರ ಮಾತು ಕೇಳ್ಬೇಡಿ.

ಆದ್ರೆ ನನಗೆ ತೂಕಕ್ಕಿಂತ ಭಯ ಇರೋದು ಬೇರೆ. ಮಾತ್ರೆ ಶುರುವಾದ್ಮೇಲೆ ಮಗು ಕಿರುಚಲ್ಲ, ಓಡಲ್ಲ, ಸ್ಕೂಲಿಂದ ಕಂಪ್ಲೇಂಟ್ ಬರಲ್ಲ, ಎಲ್ರೂ "ಪರವಾಗಿಲ್ವೇ, ಎಷ್ಟು ಸುಧಾರಿಸಿದಾನೆ" ಅಂತಾರೆ, ಅವನು ಮಾತ್ರ ತನಗಿಷ್ಟವಾದ ಆಟದ ಸಾಮಾನನ್ನೂ ಮುಟ್ಟದೆ ತೂಕಡಿಸ್ತಾ ಕೂತಿರ್ತಾನೆ. ಅದು ಸುಧಾರಣೆ ಅಲ್ಲ. ನಮಗೆ ಮುಜುಗರ ತಪ್ಪಿತು, ಅಷ್ಟೇ. ಇದರ ಉಲ್ಟಾನೂ ಆಗತ್ತೆ, ಕೆಲವು ಮಕ್ಕಳಿಗೆ ಈ ಮಾತ್ರೆಯಿಂದಲೇ ಕೂತಲ್ಲಿ ಕೂರಕ್ಕಾಗದಂಥ ಚಡಪಡಿಕೆ ಬರತ್ತೆ, ನೋಡೋರಿಗೆ ಹಳೇ ಗಲಾಟೆನೇ ಜಾಸ್ತಿ ಆದ ಹಾಗೆ ಕಾಣತ್ತೆ, ಡೋಸ್ ಏರಿಸೋಣ ಅನ್ಸತ್ತೆ. ಒಳಗೆ ಹಿಂಸೆ ಆಗ್ತಿದೆ ಅಂತ ಆ ಮಗು ಹೇಗೆ ಹೇಳ್ಬೇಕು?

ಅದಕ್ಕೇ ಮಾತ್ರೆ ಶುರು ಮಾಡೋ ಮೊದಲೇ ಬರೆದಿಟ್ಕೊಳ್ಳಿ, ದಿನಕ್ಕೆ ಎಷ್ಟು ಸಲ ಹೊಡ್ಕೊಳ್ತಾನೆ, ಎಷ್ಟು ಹೊತ್ತು ಮಲಗ್ತಾನೆ, ಯಾವುದರಲ್ಲಿ ಖುಷಿ ಪಡ್ತಾನೆ. ಈ ಕೊನೇದನ್ನ ಯಾರೂ ಬರೆಯಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ಸತ್ತೆ. ತೂಕ, ಶುಗರ್, ಕೊಲೆಸ್ಟ್ರಾಲ್ ಚೆಕ್ ಮಾಡ್ಸಿ, ಡಾಕ್ಟರ್ ಹೇಳದಿದ್ರೆ ನೀವೇ ಕೇಳಿ. ಹೆದರಿ ಒಂದೇ ಸಲ ನಿಲ್ಲಿಸ್ಬೇಡಿ, ಇಳಿಸೋದನ್ನೂ ಡಾಕ್ಟರ್ ಜೊತೆ ಮಾತಾಡಿ ನಿಧಾನಕ್ಕೇ ಮಾಡ್ಬೇಕು.

ಬೇಡ ಅಂತ ತೀರ್ಮಾನ ಮಾಡಿರೋ ಅಪ್ಪ ಅಮ್ಮಂದಿರ ಮೇಲೆ ನನಗೆ ಪೂರ್ತಿ ಗೌರವ ಇದೆ, ಅವರ ಮಗುಗೆ ಅದರ ಅಗತ್ಯ ಇಲ್ದೇ ಇರ್ಬಹುದು. ನಾವು ಕೊಡ್ತಿದೀವಿ. ಹಣೆ ಗಾಯ ಆರಿದೆ, ನೀರಾಟ ಸಿಕ್ರೆ ಈಗ್ಲೂ ಮೊದಲಿನ ಹಾಗೇ ಕುಣೀತಾನೆ, ಹೊಟ್ಟೆ ಹಸಿವು ಮಾತ್ರ ಜಾಸ್ತಿ ಆಗಿದೆ. ಡೋಸ್ ಸ್ವಲ್ಪ ಇಳಿಸಿ ನೋಡ್ಬಹುದಾ ಅಂತ ಮುಂದಿನ ಸಲ ಡಾಕ್ಟರ್ ಹತ್ರ ಕೇಳ್ತೀವಿ, ಈಗ್ಲೇ ಬೇಡ ಅಂದ್ರೆ ಇನ್ನಷ್ಟು ದಿನ ಹೀಗೇ ನೋಡ್ತೀವಿ.