ಟೈಲ್ಸ್ ಚೂರುಗಳಿಗಿಂತ ಪುಡಿಯೇ ಮೇಲು

ಒಡೆದ ಟೈಲ್ಸ್, ವಾಶ್ ಬೇಸಿನ್ ಚೂರುಗಳನ್ನು ಜಲ್ಲಿಯ ಬದಲು ಕಾಂಕ್ರೀಟಿಗೆ ಹಾಕಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ, ಆದರೆ ಸುಮ್ನೆ ಒಡೆದು ಸುರಿದರೆ ಆಗುವುದಿಲ್ಲ.

ಒಂದು ಟೈಲ್ ಚೂರನ್ನು ಕೈಗೆತ್ತಿಕೊಂಡು ನೋಡಿ. ಒಂದು ಮುಖ ಗಾಜಿನಂತೆ ನುಣುಪು, ಅಲ್ಲಿ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಹಿಂದಿನ ಒರಟು ಮುಖ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆದರೆ ನೀರು ಕುಡಿಯುತ್ತದೆ. ಗೋಡೆಯ ಟೈಲ್ಸ್ ಆದರೆ ತನ್ನ ತೂಕದ ಶೇ. 10ಕ್ಕಿಂತ ಜಾಸ್ತಿ ನೀರು ಹೀರಬಲ್ಲದು. ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿ ಮಾಡಿದ ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇ. 0.5 ಅಥವಾ ಅದಕ್ಕಿಂತ ಕಡಿಮೆ ಅಷ್ಟೇ. ಎರಡನ್ನೂ ಒಂದೇ ರಾಶಿಗೆ ಹಾಕಿ ಅಳತೆಯ ನೀರು ಸುರಿದರೆ, ಒಂದು ಸಲ ಮಿಶ್ರಣ ಗಟ್ಟಿ, ಇನ್ನೊಂದು ಸಲ ತೆಳು. ಹೀರುವ ಚೂರುಗಳನ್ನು ಮೊದಲೇ ನೆನೆಸಿಡಬೇಕು. ಇನ್ನು ಚಪ್ಪಟೆ ಚೂರು ಜಾಸ್ತಿ ಇದ್ದರೆ ಕಾಂಕ್ರೀಟ್ ಸಲೀಸಾಗಿ ಹರಡುವುದೂ ಇಲ್ಲ.

ನನ್ನ ಪ್ರಕಾರ ನಿಜವಾದ ಲಾಭ ಇರುವುದು ನುಣ್ಣಗೆ ಪುಡಿ ಮಾಡಿ, ಸಿಮೆಂಟಿನ ಒಂದು ಪಾಲಿನ ಬದಲು ಬಳಸುವುದರಲ್ಲಿ. ಟೈಲ್ಸ್ ಅಂದರೆ ಸುಟ್ಟ ಜೇಡಿಮಣ್ಣು; ಅದರಲ್ಲಿರುವ ಸಿಲಿಕಾ, ಅಲ್ಯೂಮಿನಾ ಎಂಬ ಖನಿಜಾಂಶಗಳು ಸಿಮೆಂಟಿನಿಂದ ಹೊರಬರುವ ಸುಣ್ಣದ ಜೊತೆ ಸೇರಿ ಹೊಸ ಅಂಟು ಕಟ್ಟುತ್ತವೆ. ರೋಮನ್ನರು ಹೆಂಚಿನ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ನೀರಿನ ತೊಟ್ಟಿಗಳಿಗೆ ಗಾರೆ ಹಾಕುತ್ತಿದ್ದರು, ಅಂದಮೇಲೆ ಇದೇನೂ ಹೊಸ ಸಂಗತಿ ಅಲ್ಲ ಬಿಡಿ. ಆದರೆ ಈ ಕ್ರಿಯೆ ನಿಧಾನ. ಕಾಂಕ್ರೀಟ್ ಹಾಕಿದ 7 ದಿನಕ್ಕೆ ಪರೀಕ್ಷೆ ಮಾಡಿದರೆ ಬಲ ಕಡಿಮೆ ಕಾಣಬಹುದು. 28 ದಿನ, ಅದೂ ಸಾಲದಿದ್ದರೆ 90 ದಿನ ಕಾದು ನೋಡಬೇಕು.

ಪುಡಿ ಮಾಡಲು ಕರೆಂಟ್ ಬೇಕಲ್ವಾ? ಆ ಲೆಕ್ಕವನ್ನೂ ಲೇಖನದಲ್ಲಿ ಕೊಟ್ಟಿದ್ದರೆ ಚೆನ್ನಾಗಿತ್ತು.